ದೂರದ ವಿಮಾನಯಾನ ಮತ್ತು ಹಿರಿಯರ ಬಾಯಾರಿಕೆ

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಂತಹ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮಕ್ಕಳು ಹೊರದೇಶದಲ್ಲಿ ನೆಲೆಸಿ, ತಂದೆ ತಾಯಿಗಳಿಬ್ಬರೇ ಉಳಿದಿರುವ ಮನೆಗಳು ಬಹಳ. ಮಗಳ ಬಾಣಂತನ, ಮೊಮ್ಮಗನ ನಾಮಕರಣ, ಮಗನ ಹೊಸ ಮನೆಯ ಗೃಹಪ್ರವೇಶ ಹೀಗೆ ಒಂದಲ್ಲ ಒಂದು ನೆಪದಿಂದ ಅರವತ್ತೈದು, ಎಪ್ಪತ್ತು ದಾಟಿದ ದಂಪತಿಗಳು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೊರಡುತ್ತಾರೆ. ಹೊರಡುವ ತಿಂಗಳ ಮೊದಲೇ ಗಾಂಧಿಬಜಾರಿನಲ್ಲೋ ಸಂಪಿಗೆ ರಸ್ತೆಯಲ್ಲೋ ಖರೀದಿ ಆರಂಭವಾಗುತ್ತದೆ. ಸಾರಿನ ಪುಡಿ ಎಷ್ಟು, ಚಟ್ನಿಪುಡಿ ಎಷ್ಟು, ಪೆಟ್ಟಿಗೆ ಇಪ್ಪತ್ತಮೂರು ಕಿಲೋ ಮೀರಿತೇ ಎಂಬುದನ್ನು ಮನೆಯವರೆಲ್ಲ ಕುಳಿತು ತೂಗಿ ನೋಡುತ್ತಾರೆ. ಆ ಇಪ್ಪತ್ತನಾಲ್ಕು ಗಂಟೆಗಳ ಪ್ರಯಾಣದಲ್ಲಿ ಈ ಇಬ್ಬರು ನೀರನ್ನು ಎಲ್ಲಿ, ಹೇಗೆ, ಎಷ್ಟು ಕುಡಿಯುತ್ತಾರೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಿದರೆ ಬರುವ ಉತ್ತರ ಒಂದೇ: “ವಿಮಾನದೊಳಕ್ಕೆ ನೀರು ಬಿಡುವುದಿಲ್ಲವಲ್ಲ!” ಈ ಮಾತು ಅರ್ಧ ಮಾತ್ರ ನಿಜ. ಆ ಅರ್ಧ ಸತ್ಯವನ್ನೇ ನಂಬಿ ನಮ್ಮ ಹಿರಿಯರು ಒಂದು ಹಗಲು ಒಂದು ರಾತ್ರಿ ಬಾಯಿ ಒಣಗಿಸಿಕೊಂಡು ಕುಳಿತುಬಿಡುತ್ತಾರೆ. ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಆ ನಿಯಮ ಹುಟ್ಟಿದ ಬಗೆಯನ್ನು ತಿಳಿಯೋಣ. 2006ರ ಆಗಸ್ಟ್ 10ರಂದು, ತಂಪು ಪಾನೀಯದ ಬಾಟಲಿಗಳಲ್ಲಿ ದ್ರವರೂಪದ ಸ್ಫೋಟಕವನ್ನು ತುಂಬಿಸಿ ಅಟ್ಲಾಂಟಿಕ್ ಸಾಗರದ ಮೇಲೆ ವಿಮಾನಗಳನ್ನು ಸಿಡಿಸುವ ಸಂಚನ್ನು ಬ್ರಿಟನ್ನಿನ ಪೊಲೀಸರು ಬಯಲಿಗೆಳೆದರು. ಮೊದಲ ಕೆಲವು ವಾರ ಅಲ್ಲಿ ಯಾವ ದ್ರವವನ್ನೂ ಕೈಚೀಲದಲ್ಲಿ ಒಯ್ಯಲು ಬಿಡಲಿಲ್ಲ. ಬಳಿಕ ಆ ನಿಷೇಧವನ್ನು ಸಡಿಲಿಸಿ, ಒಂದೊಂದು ಬಾಟಲಿಯೂ 100 ಮಿಲಿಲೀಟರಿನ ಒಳಗಿರಬೇಕು, ಅಂಥವೆಲ್ಲ ಒಂದು ಲೀಟರು ಹಿಡಿಸುವ, ಬಾಯಿ ಮುಚ್ಚಬಹುದಾದ ಪಾರದರ್ಶಕ ಚೀಲದೊಳಗೆ ಇರಬೇಕು ಎಂಬ ಕ್ರಮವನ್ನು ತಂದರು. ಭಾರತದಿಂದ ಹೊರಡುವ ಅಂತಾರಾಷ್ಟ್ರೀಯ ವಿಮಾನಗಳಿಗೂ ಈ ಕ್ರಮ ಅನ್ವಯಿಸುತ್ತದೆ. ಇಲ್ಲಿ ಅಳೆಯುವುದು ಬಾಟಲಿಯ ಗಾತ್ರವನ್ನೇ ಹೊರತು ಒಳಗಿರುವ ವಸ್ತುವನ್ನಲ್ಲ. 200 ಮಿಲಿಲೀಟರಿನ ಬಾಟಲಿಯಲ್ಲಿ ಕಾಲುಭಾಗ ಎಣ್ಣೆ ಉಳಿದಿದ್ದರೂ ಅದನ್ನು ತೆಗೆದಿಡುತ್ತಾರೆ. ಲಗೇಜಿಗೆ ಹಾಕುವ ಪೆಟ್ಟಿಗೆಗೆ ಈ ಮಿತಿ ಇಲ್ಲ. ಹೊಸ ಬಗೆಯ ಸ್ಕ್ಯಾನರುಗಳನ್ನು ಕೂರಿಸಿದ ಹೊರದೇಶದ ಕೆಲವು ನಿಲ್ದಾಣಗಳು ನಿಯಮವನ್ನು ಸಡಿಲಿಸಿವೆಯಾದರೂ ಅದನ್ನು ನೆಚ್ಚಿಕೊಂಡು ಹೊರಡುವುದು ಜಾಣತನವಲ್ಲ. ದಾರಿಯಲ್ಲಿ ವಿಮಾನ ಬದಲಿಸುವ ಊರಿನ ನಿಯಮ ಬೇರೆಯೇ ಇರಬಹುದು.

ದ್ರವವೆಂದರೆ ನೀರೊಂದೇ ಎಂದು ಭಾವಿಸುವುದರಿಂದಲೂ ತೊಂದರೆಯಾಗುತ್ತದೆ. ಬಾಣಂತನಕ್ಕೆಂದು ಹೊರಟ ತಾಯಿ ಕೈಚೀಲದಲ್ಲಿ ಇಟ್ಟುಕೊಳ್ಳುವ ತುಪ್ಪ, ಲೇಹ್ಯ, ಹರಳೆಣ್ಣೆ, ಉಪ್ಪಿನಕಾಯಿ, ಗೊಜ್ಜು, ಮೊಸರು, ಜೇನುತುಪ್ಪ ಇವೆಲ್ಲವೂ ತಪಾಸಣೆಯ ಮೇಜಿನ ಮೇಲೆ ದ್ರವಗಳೇ. ಮನೆಯಲ್ಲಿ ಕಾಯಿಸಿದ ತುಪ್ಪವನ್ನು ಕಸದ ಡಬ್ಬಿಗೆ ಹಾಕಿ ಕಣ್ಣೊರೆಸಿಕೊಂಡು ಮುಂದೆ ಹೋದವರು ನಮ್ಮಲ್ಲಿ ಕಡಿಮೆಯಿಲ್ಲ. ಅವುಗಳಿಗೆಲ್ಲ ಲಗೇಜಿನ ಪೆಟ್ಟಿಗೆಯೇ ಜಾಗ, ಅದೂ ಸೋರದಂತೆ ಎರಡು ಮೂರು ಸುತ್ತು ಕಟ್ಟಿ. ಒಣಕೊಬ್ಬರಿಯ ಮಾತು ಬೇರೆ. ಅದರಲ್ಲಿರುವ ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿರುವುದರಿಂದ ಕೈಚೀಲದಲ್ಲಿಯೂ ಪೆಟ್ಟಿಗೆಯಲ್ಲಿಯೂ ಅದನ್ನು ಇಡದಿರುವುದೇ ಲೇಸು. ವೈದ್ಯರು ಬರೆದುಕೊಟ್ಟ ದ್ರವರೂಪದ ಔಷಧಿ ಮತ್ತು ಇನ್ಸುಲಿನ್‌ಗೆ ವಿನಾಯಿತಿ ಉಂಟು. ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಂಡು, ಕೇಳುವ ಮೊದಲೇ ಹೊರತೆಗೆದು ತೋರಿಸಬೇಕು. ಇನ್ಸುಲಿನ್ನನ್ನು ಎಂದಿಗೂ ಲಗೇಜಿನ ಪೆಟ್ಟಿಗೆಗೆ ಹಾಕಬಾರದು. ಅಲ್ಲಿನ ತಣ್ಣಗೆ ಅದು ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಡವಾಗಿ ಬರಲೂಬಹುದು.

ಇನ್ನು ನೀರಿನ ವಿಚಾರ. ನಿಯಮ ತಡೆಯುವುದು ನೀರನ್ನು, ಬಾಟಲಿಯನ್ನಲ್ಲ. ಖಾಲಿ ಬಾಟಲಿಯನ್ನು ಕೈಚೀಲದಲ್ಲಿಟ್ಟುಕೊಂಡು ಭದ್ರತಾ ತಪಾಸಣೆಯನ್ನು ದಾಟಿದರೆ ಯಾರೂ ಬೇಡವೆನ್ನುವುದಿಲ್ಲ. ಒಳಗೆ ಹೋದ ಮೇಲೆ ಕುಡಿಯುವ ನೀರಿನ ನಲ್ಲಿಗಳಿವೆ, ಹಣ ಕೊಡಬೇಕಾದುದಿಲ್ಲ. ಹಿಂದೆ ನಮ್ಮ ಊರುಗಳ ದಾರಿಯ ಬದಿಯಲ್ಲಿ ಬೇಸಗೆಯಲ್ಲಿ ಚಪ್ಪರ ಹಾಕಿ, ಮಣ್ಣಿನ ಗುಡಾಣದಲ್ಲಿ ನೀರಿಟ್ಟು ದಾರಿಹೋಕರಿಗೆಲ್ಲ ಕೊಡುತ್ತಿದ್ದ ಅರವಟ್ಟಿಗೆಗಳನ್ನು ಹಿರಿಯರು ಬಲ್ಲರು. ವಿಮಾನನಿಲ್ದಾಣದ ಆ ನಲ್ಲಿಯೂ ಅರವಟ್ಟಿಗೆಯೇ ಎಂದು ತಿಳಿಯಬೇಕು. ನೋಡಲು ಹೊಳೆಯುವ ಉಕ್ಕಿನದಾದ್ದರಿಂದ ಅದನ್ನು ಗುರುತಿಸುವುದಿಲ್ಲ, ಅಷ್ಟೆ. ಮುಕ್ಕಾಲು ಲೀಟರಿನ, ಅಗಲ ಬಾಯಿಯ, ಹಗುರವಾದ ಬಾಟಲಿ ಇಬ್ಬರಿಗೂ ಒಂದೊಂದು ಇರಲಿ. ದಂಪತಿಗಳಿಗೆ ಸೇರಿ ಒಂದೇ ಬಾಟಲಿ ಇದ್ದರೆ ಅದು ಸಾಮಾನ್ಯವಾಗಿ ಯಜಮಾನರ ಕೈಯಲ್ಲಿರುತ್ತದೆ, ಅಮ್ಮನವರು ಕೇಳುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಬೇಕು. ಕೆಲವು ದೇಶಗಳಿಗೆ ಹೊರಡುವ ವಿಮಾನಗಳಲ್ಲಿ ಹತ್ತುವ ದ್ವಾರದ ಬಳಿ ಮತ್ತೊಮ್ಮೆ ತಪಾಸಣೆ ನಡೆದು, ಒಳಗೆ ತುಂಬಿಸಿಕೊಂಡ ನೀರನ್ನೂ ಚೆಲ್ಲಿಸುವುದುಂಟು. ಹಾಗಾದಾಗ ಬೇಸರಿಸದೆ ಅಲ್ಲಿಯೇ ಕುಡಿಯುವಷ್ಟು ಕುಡಿದು, ಖಾಲಿ ಬಾಟಲಿಯನ್ನು ಉಳಿಸಿಕೊಂಡು, ಆಸನದಲ್ಲಿ ಕುಳಿತ ಮೇಲೆ ಗಗನಸಖಿಯರ ಬಳಿ ತುಂಬಿಸಿಕೊಳ್ಳಬೇಕು. ದುಬೈ, ಫ್ರಾಂಕ್‌ಫರ್ಟ್, ಲಂಡನ್‌ಗಳಂತಹ ಊರುಗಳಲ್ಲಿ ವಿಮಾನ ಬದಲಿಸುವವರು ಅಲ್ಲಿ ಮತ್ತೆ ತಪಾಸಣೆ ಎದುರಾಗಬಹುದೆಂದು ತಿಳಿದು, ಇಳಿಯುವ ಮುನ್ನವೇ ಬಾಟಲಿಯ ನೀರನ್ನು ಕುಡಿದು ಮುಗಿಸಿದರೆ ನೀರೂ ವ್ಯರ್ಥವಾಗದು, ಸಾಲಿನಲ್ಲಿ ಗಾಬರಿಯೂ ಇರದು.

ಹೀಗೆ ನೋಡಿದರೆ ನಿಯಮದಿಂದ ಆಗುವ ತೊಂದರೆ ಅಲ್ಪ. ನಿಜವಾದ ತೊಂದರೆ ಮನೆಯಲ್ಲೇ ಶುರುವಾಗುತ್ತದೆ. 2008ರ ಮೇ ತನಕ ವಿಮಾನನಿಲ್ದಾಣ ಎಚ್.ಎ.ಎಲ್. ಬಳಿ, ನಗರದೊಳಗೇ ಇತ್ತು. ಈಗ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಬಸವನಗುಡಿಯಿಂದ ಸುಮಾರು ನಲವತ್ತು ಕಿಲೋಮೀಟರು. ಮೇಖ್ರಿ ವೃತ್ತ, ಹೆಬ್ಬಾಳಗಳಲ್ಲಿ ಸಿಕ್ಕಿಬಿದ್ದರೆ ಎರಡು ಗಂಟೆ. ಹೊರದೇಶದ ವಿಮಾನಗಳು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಮೂರು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಆದ್ದರಿಂದ ರಾತ್ರಿ ಎಂಟೂವರೆ ಒಂಬತ್ತಕ್ಕೆ ಮನೆ ಬಿಡುತ್ತಾರೆ. ದಾರಿಯಲ್ಲಿ ಶೌಚಕ್ಕೆ ಎಲ್ಲಿ ನಿಲ್ಲಿಸುವುದು ಎಂಬ ಅಂಜಿಕೆಯಿಂದ ಸಂಜೆಯ ಕಾಫಿಯ ನಂತರ ಅಮ್ಮ ನೀರು ಮುಟ್ಟುವುದಿಲ್ಲ. ನಿಲ್ದಾಣದಲ್ಲಿ ಸಾಲುಗಳ ಗಡಿಬಿಡಿ. ವಿಮಾನದಲ್ಲಿ ಪಕ್ಕದವರನ್ನು ಎಬ್ಬಿಸಿ ದಾಟಿಹೋಗುವ ಸಂಕೋಚ. ಲೆಕ್ಕ ಹಾಕಿ ನೋಡಿ: ಸಂಜೆ ಐದಕ್ಕೆ ನಿಂತ ನೀರು, ಮರುದಿನ ಮಧ್ಯಾಹ್ನ ಇಳಿಯುವ ತನಕ ಒಂದೆರಡು ಗುಟುಕು ಬಿಟ್ಟರೆ ಇಲ್ಲವೇ ಇಲ್ಲ. ಇಪ್ಪತ್ತು ಗಂಟೆಗಳ ಈ ನಿರ್ಜಲ ವ್ರತವನ್ನು ಯಾವ ಅಧಿಕಾರಿಯೂ ವಿಧಿಸಿಲ್ಲ.

ವಿಮಾನದ ಒಣಗಾಳಿಯೇ ದೇಹದ ನೀರನ್ನೆಲ್ಲ ಹೀರಿಬಿಡುತ್ತದೆ ಎಂಬ ಮಾತನ್ನು ಕೇಳಿರುತ್ತೀರಿ. ಅದನ್ನೂ ಸ್ವಲ್ಪ ವಿವೇಚಿಸೋಣ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಅಷ್ಟು ತಣ್ಣನೆಯ ಗಾಳಿಯಲ್ಲಿ ತೇವ ಇರುವುದೇ ಇಲ್ಲವೆನ್ನಬಹುದು. ಆ ಗಾಳಿಯನ್ನೇ ಒಳಗೆ ತೆಗೆದುಕೊಂಡು, ಒತ್ತಡ ಮತ್ತು ಉಷ್ಣತೆಗಳನ್ನು ಹದಗೊಳಿಸಿ ನಮಗೆ ಕೊಡುತ್ತಾರೆ. ವಿಮಾನದೊಳಗಿನ ಅಲ್ಪಸ್ವಲ್ಪ ತೇವ ಬಹುಪಾಲು ಪ್ರಯಾಣಿಕರ ಉಸಿರಿನಿಂದಲೇ ಬಂದದ್ದು. ಅಲ್ಲಿನ ಸಾಪೇಕ್ಷ ಆರ್ದ್ರತೆ ಸಾಮಾನ್ಯವಾಗಿ ಶೇಕಡ 10ರಿಂದ 20ರಷ್ಟು. ನಮ್ಮ ಊರಿನ ಮಾರ್ಚ್ ತಿಂಗಳ ಒಣ ಮಧ್ಯಾಹ್ನಕ್ಕಿಂತಲೂ ಕಡಿಮೆ. ತುಟಿ ಬಿರಿಯುವುದು, ಮೂಗು ಉರಿಯುವುದು, ಕಣ್ಣಿನಲ್ಲಿ ಮರಳು ಬಿದ್ದಂತಾಗುವುದು ಇದರಿಂದಲೇ. ಆದರೆ ವಾಯುಯಾನ ವೈದ್ಯರ ಲೆಕ್ಕದಂತೆ ಇಂಥ ಗಾಳಿಯಲ್ಲಿ ಎಂಟು ಗಂಟೆ ಕುಳಿತರೂ ಚರ್ಮ ಮತ್ತು ಉಸಿರಿನ ಮೂಲಕ ಹೆಚ್ಚುವರಿಯಾಗಿ ಕಳೆದುಹೋಗುವ ನೀರು ಬಹಳವೆಂದರೆ 100 ಮಿಲಿಲೀಟರಿನಷ್ಟು, ಅರ್ಧ ಲೋಟ. ಗಾಳಿ ಒಣಗಿಸುವುದು ಅರ್ಧ ಲೋಟವನ್ನು, ನಾವು ಕುಡಿಯದೆ ಬಿಡುವುದು ಏಳೆಂಟು ಲೋಟವನ್ನು.

ಇದರ ಜೊತೆಗೆ ಎತ್ತರದ ಪರಿಣಾಮವೂ ಸೇರುತ್ತದೆ. ಹಾರಾಟದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ. ಅಂದರೆ ಕಿಟಕಿಯ ಪಕ್ಕ ಕಂಬಳಿ ಹೊದ್ದು ಕುಳಿತ ಅಜ್ಜಿ ಹದಿನಾರು ಗಂಟೆಗಳ ಕಾಲ ಮುಳ್ಳಯ್ಯನಗಿರಿಯ ನೆತ್ತಿಯಲ್ಲೋ ಅದಕ್ಕೂ ಮೇಲೋ ಕುಳಿತಂತೆ. ರಕ್ತದ ಆಮ್ಲಜನಕ ನೂರಕ್ಕೆ ನಾಲ್ಕರಷ್ಟು ಇಳಿಯುವುದು ಸಾಮಾನ್ಯ. ಆರೋಗ್ಯವಂತರಿಗೆ ಅದು ಗೊತ್ತೂ ಆಗುವುದಿಲ್ಲ. ನೀರು ಕಡಿಮೆಯಾಗಿ ರಕ್ತದೊತ್ತಡ ತಗ್ಗಿರುವ, ನಿದ್ರೆಗೆಟ್ಟ, ಊಟ ಬಿಟ್ಟ ಹಿರಿಯರಿಗೆ ತಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲಾಗಲು ಅಷ್ಟೇ ಸಾಕು. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ವಿಮಾನದಲ್ಲಿ ಉಂಟಾದ ಸುಮಾರು ಹನ್ನೆರಡು ಸಾವಿರ ಅನಾರೋಗ್ಯದ ಪ್ರಸಂಗಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇಕಡ 37ರಷ್ಟು ಮೂರ್ಛೆ ಅಥವಾ ಮೂರ್ಛೆಗೆ ಹತ್ತಿರದ ತಲೆಸುತ್ತು. ಹೃದಯದ ತೊಂದರೆ, ಉಸಿರಾಟದ ತೊಂದರೆಗಳೆಲ್ಲ ಅದರ ನಂತರವೇ.

ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ ಎಂಬುದನ್ನು ಮನೆಯ ಕಿರಿಯರು ತಿಳಿದಿರಬೇಕು. “ನನಗೆ ಬಾಯಾರಿಕೆಯೇ ಆಗಲಿಲ್ಲ” ಎಂದು ಅಪ್ಪ ಹೇಳಿದರೆ ದೇಹಕ್ಕೆ ನೀರು ಬೇಡವೆಂದು ಅರ್ಥವಲ್ಲ. ಮೂತ್ರ ಗಾಢ ಹಳದಿಯಾಗುವುದು, ನಾಲಿಗೆ ಅಂಟುವುದು, ತಲೆನೋವು, ಮಾತಿನಲ್ಲಿ ತುಸು ಗೊಂದಲ ಇವು ಬಾಯಾರಿಕೆಗಿಂತ ನಂಬಬಹುದಾದ ಗುರುತುಗಳು. ಪ್ರಯಾಣ ಮುಗಿದ ಮೇಲೆ ವಾರವಿಡೀ ಕಾಡುವ ಮಲಬದ್ಧತೆಗೂ, ಹೆಂಗಸರಲ್ಲಿ ಕಾಣಿಸಿಕೊಳ್ಳುವ ಉರಿಮೂತ್ರಕ್ಕೂ ಈ ಒಂದು ದಿನದ ಒಣ ಉಪವಾಸ ಕಾರಣವಾಗಬಲ್ಲುದು.

ಹಾಗಾದರೆ ಶೌಚಾಲಯದ ಭಯಕ್ಕೆ ಪರಿಹಾರವೇನು? ಇದನ್ನು ನಾವು ಸಂಕೋಚಪಡದೆ ಬರೆಯುತ್ತೇವೆ, ಏಕೆಂದರೆ ಇದನ್ನು ಬಗೆಹರಿಸದೆ “ನೀರು ಕುಡಿಯಿರಿ” ಎಂದು ಉಪದೇಶಿಸುವುದರಿಂದ ಏನೂ ಪ್ರಯೋಜನವಿಲ್ಲ. ಟಿಕೆಟ್ ತೆಗೆಯುವಾಗಲೇ ನಡುದಾರಿಯ ಪಕ್ಕದ ಆಸನವನ್ನು ಕಾದಿರಿಸಬೇಕು. ಮಕ್ಕಳು ಪ್ರೀತಿಯಿಂದ “ಅಮ್ಮ ಆಕಾಶ ನೋಡಲಿ” ಎಂದು ಕಿಟಕಿಯ ಪಕ್ಕ ಕೂರಿಸುತ್ತಾರೆ. ರಾತ್ರಿಯ ವಿಮಾನದಲ್ಲಿ ನೋಡುವುದಕ್ಕೆ ಏನೂ ಇಲ್ಲ, ಇಬ್ಬರನ್ನು ದಾಟಿ ಹೊರಬರುವ ಸಂಕಟ ಮಾತ್ರ ಇದೆ. ದಂಪತಿಗಳಾದರೆ ಎದುರುಬದುರು ನಡುದಾರಿಯ ಆಸನಗಳು ಎಲ್ಲಕ್ಕಿಂತ ಅನುಕೂಲ. ಸಾಧ್ಯವಾದರೆ ಶೌಚಾಲಯಕ್ಕೆ ನಾಲ್ಕೈದು ಸಾಲು ಸಮೀಪವಿರಲಿ. ತೀರ ಪಕ್ಕದ ಸಾಲಿನಲ್ಲಿ ಜನಸಂಚಾರದಿಂದ ನಿದ್ರೆ ಬರದು.

ವಿಮಾನದ ಶೌಚಾಲಯ ಚಿಕ್ಕದು. ಬಾಗಿಲನ್ನು ನಡುವೆ ಒತ್ತಿದರೆ ಅದು ಮಡಚಿಕೊಂಡು ತೆರೆಯುತ್ತದೆ. ಒಳಗಿನಿಂದ ಚಿಲಕ ಹಾಕಿದಾಗಲೇ ದೀಪ ಪ್ರಕಾಶವಾಗಿ ಹೊತ್ತಿಕೊಳ್ಳುತ್ತದೆ. ಮಂಡಿನೋವಿನವರಿಗೆ ಹಿಡಿದುಕೊಳ್ಳಲು ಪಕ್ಕದಲ್ಲಿ ಹಿಡಿಯಿರುತ್ತದೆ. ನೀರು ಬಿಡುವ ಗುಂಡಿ ಒತ್ತಿದಾಗ ಬರುವ ಭಾರಿ ಸದ್ದಿಗೆ ಹೆದರಬೇಕಾಗಿಲ್ಲ, ಅದು ಗಾಳಿಯ ಸೆಳೆತದ ಶಬ್ದ. ನಮ್ಮವರಿಗೆ ದೊಡ್ಡ ತೊಡಕು ಅಲ್ಲಿ ತೊಳೆದುಕೊಳ್ಳಲು ನೀರಿಲ್ಲದೆ ಬರಿಯ ಕಾಗದ ಇರುವುದು. ಇದಕ್ಕೂ ಖಾಲಿ ಬಾಟಲಿಯೇ ಉತ್ತರ. ಕುಡಿಯುವ ಬಾಟಲಿಯಿಂದ ಬೇರೆಯಾದ, ಬಣ್ಣದಿಂದ ಗುರುತಿಸಬಹುದಾದ ಚಿಕ್ಕದೊಂದು ಮೆತ್ತನೆಯ ಬಾಟಲಿಯನ್ನು ಇಟ್ಟುಕೊಂಡು, ಅಲ್ಲಿನ ಕೈತೊಳೆಯುವ ನಲ್ಲಿಯಲ್ಲಿ ತುಂಬಿಸಿಕೊಂಡರಾಯಿತು. ಆ ನಲ್ಲಿಯ ನೀರು ಕೈ ತೊಳೆಯುವುದಕ್ಕೆ ಮಾತ್ರ, ಕುಡಿಯುವುದಕ್ಕಲ್ಲ. ಔಷಧಿ ನುಂಗಲೂ ಅದನ್ನು ಬಳಸಬಾರದು. ಸೀರೆಯುಡುವ ತಾಯಂದಿರು ಆ ಒಂದು ದಿನಕ್ಕೆ ಸಡಿಲವಾದ ಚೂಡಿದಾರ ತೊಟ್ಟರೆ ಅರ್ಧ ಕಷ್ಟ ತಪ್ಪಿತು. ಒಲ್ಲೆನೆಂದರೆ ಒತ್ತಾಯ ಬೇಡ, ತೆಳುವಾದ ಹತ್ತಿಯ ಸೀರೆಯಾದರೂ ಆಗಲಿ, ಒಂದು ಜೊತೆ ಒಳಉಡುಪು ಕೈಚೀಲದಲ್ಲಿರಲಿ. ಊಟದ ಗಾಡಿ ಹೊರಡುವ ಮುನ್ನ ಹೋಗಿಬಂದರೆ ಸಾಲು ಇರುವುದಿಲ್ಲ.

ಎದ್ದು ಶೌಚಾಲಯಕ್ಕೆ ನಡೆಯುವುದು ತೊಂದರೆಯಲ್ಲ, ಒಂದು ಬಗೆಯ ಚಿಕಿತ್ಸೆ. ನಾಲ್ಕು ಗಂಟೆಗೂ ಮೀರಿ ಕುಳಿತೇ ಪ್ರಯಾಣ ಮಾಡುವವರಲ್ಲಿ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿ ತಿಳಿಸುತ್ತದೆ. ಪ್ರಮಾಣ ಸಣ್ಣದು, ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ. ಹೆದರಿ ಕೂರುವಷ್ಟು ಅಲ್ಲ. ಅದರ ಮುಖ್ಯ ಕಾರಣ ಕಾಲುಗಳ ಚಲನೆ ನಿಂತುಹೋಗುವುದು. ನೀರು ಕುಡಿದವರು ಎರಡು ಗಂಟೆಗೊಮ್ಮೆ ಏಳಲೇಬೇಕಾಗುತ್ತದೆ, ಹಾಗಾಗಿ ನೀರಿನಿಂದ ಕಾಲಿಗೂ ಉಪಕಾರ. ಕುಳಿತಲ್ಲೇ ಹಿಮ್ಮಡಿ ಊರಿ ಬೆರಳು ಎತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು ಇವನ್ನೂ ಗಂಟೆಗೆ ಹತ್ತಿಪ್ಪತ್ತು ಸಲ ಮಾಡಬೇಕು. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಮಂಡಿಯ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬಿಗಿಕಾಲುಚೀಲದ ಬಗ್ಗೆ ವೈದ್ಯರನ್ನು ಕೇಳಬೇಕು.

ಎಷ್ಟು ಕುಡಿಯಬೇಕು? ಎಚ್ಚರವಿರುವ ಪ್ರತಿ ಗಂಟೆಗೆ ಸುಮಾರು 150 ಮಿಲಿಲೀಟರು, ಅಂದರೆ ಒಂದು ಸಣ್ಣ ಲೋಟ, ಗುಟುಕು ಗುಟುಕಾಗಿ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ 2021ರ ಜನವರಿಯಲ್ಲಿ ಮೊದಲ ಬಾರಿಗೆ ನೇರ ವಿಮಾನ ಹಾರಿದಾಗ ಪ್ರಯಾಣದ ಅವಧಿ ಹದಿನೇಳು ಗಂಟೆಗಳ ಹತ್ತಿರವಿತ್ತು. ಅಂಥ ಯಾನದಲ್ಲಿ ಆರು ಗಂಟೆ ನಿದ್ರೆ ಬಿಟ್ಟರೆ ಒಂದೂವರೆ ಲೀಟರಿನ ಸುತ್ತಮುತ್ತ ಆಗುತ್ತದೆ. ಒಮ್ಮೆಗೇ ಅರ್ಧ ಲೀಟರು ಸುರಿದುಕೊಂಡರೆ ಅದು ಮೂತ್ರವಾಗಿ ಹೋಗುವುದೇ ಹೊರತು ದೇಹಕ್ಕೆ ದಕ್ಕುವುದು ಕಡಿಮೆ. ಹೊರಡುವ ದಿನದ ಬೆಳಗಿನಿಂದ ಎಂದಿನಂತೆ ಕುಡಿಯುತ್ತ ಬಂದು, ಮನೆ ಬಿಡುವ ಒಂದು ಗಂಟೆ ಮೊದಲು ನಿಲ್ಲಿಸಿ, ಹೊರಡುವಾಗ ಶೌಚ ಮುಗಿಸಿದರೆ ಹೆಬ್ಬಾಳದ ದಟ್ಟಣೆಯನ್ನು ಧೈರ್ಯದಿಂದ ದಾಟಬಹುದು.

ಕಾಫಿಯನ್ನು ಬಿಡಿ ಎಂದು ಬಸವನಗುಡಿಯವರಿಗೆ ಹೇಳುವಷ್ಟು ಧೈರ್ಯ ನಮಗಿಲ್ಲ. ಬಿಡುವ ಅಗತ್ಯವೂ ಇಲ್ಲ. ದಿನವೂ ಕಾಫಿ ಕುಡಿಯುವವರಲ್ಲಿ ಅದರಿಂದ ನೀರು ನಷ್ಟವಾಗುವುದು ಅತ್ಯಲ್ಪ. ಒಂದೆರಡು ಲೋಟಕ್ಕೆ ನಿಲ್ಲಿಸಿದರೆ ನಿದ್ರೆಗೆ ಒಳ್ಳೆಯದು. ಕಾಫಿ ಕುಡಿದೆನೆಂದು ನೀರನ್ನು ಬಿಡಬಾರದು, ಅಷ್ಟೇ. ಮದ್ಯಪಾನಿಗಳಲ್ಲದ ನಮ್ಮ ಓದುಗರಿಗೆ ಅದರ ಕುರಿತು ಬರೆಯುವುದು ಅನಾವಶ್ಯಕ. ಸೋಡಾ ಮತ್ತು ತಂಪು ಪಾನೀಯಗಳು ಹೊಟ್ಟೆಯುಬ್ಬರಕ್ಕೆ ದಾರಿ. ಒತ್ತಡ ಇಳಿದಾಗ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ. ಬೆಂಗಳೂರು ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಇಲ್ಲಿಂದ ಹೊರಟವರಿಗೆ ಸುಮಾರು ಐದನೆಯ ಒಂದು ಭಾಗದಷ್ಟು, ಸಮುದ್ರತೀರದ ಊರಿನಿಂದ ಹೊರಟವರಿಗೆ ಮೂರನೆಯ ಒಂದು ಭಾಗದಷ್ಟು ಹಿಗ್ಗಬಹುದು. ಹೊರಡುವ ಸಂಜೆ ಹುರುಳಿ, ಕಡಲೆ, ಅವರೆಕಾಳು, ಕೋಸುಗಳನ್ನು ಬಿಟ್ಟು ಮೊಸರನ್ನವೋ ಇಡ್ಲಿಯೋ ಸಾಕು.

ಓ.ಆರ್.ಎಸ್. ಪುಡಿಯ ಪೊಟ್ಟಣ ದ್ರವವಲ್ಲವಾದ್ದರಿಂದ ಕೈಚೀಲದಲ್ಲಿ ಸಲೀಸಾಗಿ ಹೋಗುತ್ತದೆ. ವಾಂತಿಯೋ ಭೇದಿಯೋ ಆದಾಗ ಅದು ನಿಜಕ್ಕೂ ಆಪದ್ಬಾಂಧವ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಸುಮ್ಮನೆ ಕುಳಿತವರು ದಾಹಕ್ಕೆಂದು ಅದನ್ನು ಕುಡಿಯಬೇಕಾಗಿಲ್ಲ. ಉಪ್ಪು ಸಕ್ಕರೆ ಎರಡೂ ಇರುವ ಅದು ರಕ್ತದೊತ್ತಡ, ಮಧುಮೇಹದವರಿಗೆ ದಿನನಿತ್ಯದ ಪಾನೀಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾಗದ ಸಿಹಿ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಎಫ್.ಎಸ್.ಎಸ್.ಎ.ಐ. 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಕೊಳ್ಳುವಾಗ ಔಷಧಿ ಅಂಗಡಿಯಲ್ಲಿ ಪುಡಿಯನ್ನೇ ಕೇಳಿ ಪಡೆಯಿರಿ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ಹೃದಯದ ದೌರ್ಬಲ್ಯ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ವೈದ್ಯರು ದಿನಕ್ಕಿಷ್ಟೇ ನೀರೆಂದು ಮಿತಿ ಹಾಕಿರುತ್ತಾರೆ. ಅವರಿಗೆ ಮೇಲಿನ ಲೆಕ್ಕ ಅನ್ವಯಿಸದು. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಪ್ರಯಾಣದ ದಿನ ಅದನ್ನು ತಾವಾಗಿಯೇ ಬಿಟ್ಟುಬಿಡುವ ಅಭ್ಯಾಸವನ್ನು ನಾವು ಬಲ್ಲೆವು; ಅದು ಅಪಾಯಕರ. ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿದರೆ ಅವರು ಸಮಯವನ್ನು ಹೊಂದಿಸಿಕೊಡುತ್ತಾರೆ. ಮಧುಮೇಹದ ಕೆಲವು ಹೊಸ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಅವನ್ನು ತೆಗೆದುಕೊಳ್ಳುವವರಲ್ಲಿ ನೀರಿನ ಕೊರತೆ ಬೇಗ ಉಂಟಾಗುತ್ತದೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರುವ ಹಿರಿಯರು ನಿದ್ರೆಗಾಗಿಯೋ ನೆಗಡಿಗಾಗಿಯೋ ಯಾರೋ ಕೊಟ್ಟ ಮಾತ್ರೆಯನ್ನು ನುಂಗಬಾರದು. ಅವುಗಳಲ್ಲಿ ಹಲವು ಮೂತ್ರವನ್ನು ಕಟ್ಟಿಸಿಬಿಡುತ್ತವೆ. ಸಾಗರದ ನಡುವೆ ಅಂಥ ಸ್ಥಿತಿ ಬಂದರೆ ಅದರ ಯಾತನೆ ಊಹೆಗೂ ನಿಲುಕದು.

ನಮ್ಮ ಮನೆಗಳಿಗೆ ವಿಶೇಷವಾದ ಇನ್ನೊಂದು ಸಂಗತಿ ಉಂಟು. ಸ್ನಾನ ಮಾಡಿ ಲಿಂಗಪೂಜೆ ಮುಗಿಯುವ ತನಕ ಹನಿ ನೀರನ್ನೂ ಮುಟ್ಟದ ನೇಮವುಳ್ಳ ಹಿರಿಯರಿದ್ದಾರೆ. ವಿಮಾನದಲ್ಲಿ ಸ್ನಾನವೆಲ್ಲಿ ಬಂತು? ಬೆಳಗು ಯಾವುದು, ಯಾವ ದೇಶದ ಬೆಳಗು ಎಂಬುದೇ ತಿಳಿಯದು. ಊರು ತಲಪಿದ ಮೇಲೆಯೇ ಪೂಜೆ, ಆಮೇಲೆಯೇ ನೀರು ಎಂದು ಕುಳಿತರೆ ದೇಹ ಸೋಲುತ್ತದೆ. ಕೈಕಾಲು ಮುಖ ತೊಳೆದು, ವಿಭೂತಿ ಧರಿಸಿ, ಗಗನಸಖಿಯಿಂದ ಪಡೆದ ಶುದ್ಧ ನೀರಿನಿಂದ ಆಸನದಲ್ಲೇ ಸಂಕ್ಷಿಪ್ತವಾಗಿ ಪೂಜೆ ಪೂರೈಸಿಕೊಂಡು ಪ್ರಯಾಣ ಮಾಡುವವರು ನಮ್ಮ ನಡುವೆಯೇ ಇದ್ದಾರೆ. ಮನಸ್ಸು ಒಪ್ಪದವರು ಹೊರಡುವ ಮುನ್ನವೇ ತಮ್ಮ ಗುರುಗಳನ್ನು ಕಂಡು ಕೇಳಿಕೊಂಡರೆ ದಾರಿಯಲ್ಲಿ ಅಳುಕು ಇರದು. ಸೋಮವಾರದ ಉಪವಾಸ ಹಿಡಿದವರು ಆ ದಿನ ಟಿಕೆಟ್ ತೆಗೆಯದಿದ್ದರೆ ಸರಿ. ತೆಗೆದಿದ್ದರೆ ಹಣ್ಣು, ಹಾಲು, ನೀರು ಇರಲಿ.

ಹಣ್ಣುಗಳು ನೀರನ್ನು ಘನರೂಪದಲ್ಲಿ ಒಯ್ಯುವ ಉಪಾಯ. ಸೌತೆಕಾಯಿ, ಕಿತ್ತಳೆ, ದ್ರಾಕ್ಷಿಗಳನ್ನು ತಪಾಸಣೆಯಲ್ಲಿ ದ್ರವವೆಂದು ಎಣಿಸುವುದಿಲ್ಲ. ಗಾಂಧಿಬಜಾರಿನಲ್ಲಿ ಕೊಂಡ ಎಳೆಯ ಸೌತೆಕಾಯಿಯನ್ನು ಉಪ್ಪು ಹಾಕದೆ ಹೆಚ್ಚಿ ಡಬ್ಬಿಯಲ್ಲಿಟ್ಟುಕೊಂಡರೆ ನಡುರಾತ್ರಿಯಲ್ಲಿ ಬಾಯಿಗೆ ಹಿತ. ಆದರೆ ಉಳಿದದ್ದನ್ನು ಇಳಿಯುವ ಮುನ್ನ ತಿಂದು ಮುಗಿಸಬೇಕು ಅಥವಾ ವಿಮಾನದಲ್ಲೇ ಬಿಡಬೇಕು. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ತಿಳಿಸದೆ ತಂದ ಒಂದೇ ಒಂದು ಹಣ್ಣಿಗೂ ದಂಡ ತೆರಬೇಕಾಗುತ್ತದೆ. ಮೂಸಿ ಹುಡುಕುವ ನಾಯಿಗಳೂ ಇರುತ್ತವೆ. ಸಸ್ಯಾಹಾರದ ಊಟವನ್ನು ಹೊರಡುವ ಒಂದೆರಡು ದಿನ ಮೊದಲೇ ಹೇಳಿ ಕಾದಿರಿಸಬೇಕು. ಕಾದಿರಿಸದೆ ಹೋದವರು ಅನುಮಾನದಿಂದ ತಟ್ಟೆ ಮುಚ್ಚಿಡುತ್ತಾರೆ. ಊಟದ ಮೂಲಕ ದೇಹಕ್ಕೆ ಸೇರುವ ನೀರೂ ಅಲ್ಲಿಗೆ ತಪ್ಪಿತು.

ಒಣಗಿದ ಕಣ್ಣಿಗೆ, ಮೂಗಿಗೆ ಬಾಯಿಯಿಂದ ಕುಡಿದ ನೀರು ಕೂಡಲೇ ತಲಪುವುದಿಲ್ಲ. ಹತ್ತು ಮಿಲಿಲೀಟರಿನ ಕಣ್ಣಿನ ಹನಿ, ಮೂಗಿಗೆ ಉಪ್ಪುನೀರಿನ ಹನಿ, ತುಟಿಗೆ ವ್ಯಾಸಲೀನಿನ ಪುಟ್ಟ ಡಬ್ಬಿ ಇವೆಲ್ಲ ನಿಯಮದ ಒಳಗೇ ಇವೆ. ವಿಮಾನ ಇಳಿಯುವಾಗ ಕಿವಿ ಕಟ್ಟಿದರೆ ಸಣ್ಣ ಸಣ್ಣ ಗುಟುಕು ನೀರು ನುಂಗುತ್ತಿರಬೇಕು. ಆದ್ದರಿಂದ ಕೊನೆಯ ಅರ್ಧ ಗಂಟೆಗೆಂದು ಬಾಟಲಿಯಲ್ಲಿ ಸ್ವಲ್ಪ ಉಳಿಸಿಕೊಳ್ಳಬೇಕು.

ಬಾಟಲಿ ಬರಿದಾದರೆ ಕೇಳಲು ನಾಚಬಾರದು. ಕಡಿಮೆ ದರದ ಕೆಲವು ವಿಮಾನಗಳಲ್ಲಿಯೂ ಕುಡಿಯುವ ನೀರನ್ನು ಕೇಳಿದರೆ ಹಣವಿಲ್ಲದೆ ಕೊಡುತ್ತಾರೆ. ಆಸನದ ಬಳಿಯ ಮನುಷ್ಯಾಕೃತಿಯ ಗುಂಡಿಯನ್ನು ಒತ್ತಿ, ಬಾಟಲಿಯನ್ನು ಎತ್ತಿ ತೋರಿಸಿ “ವಾಟರ್” ಎಂದರೆ ಸಾಕು, ಇಂಗ್ಲಿಷಿನ ಪೂರ್ತಿ ವಾಕ್ಯ ಬೇಕಿಲ್ಲ. ಗಾಲಿಕುರ್ಚಿಯ ಸೌಲಭ್ಯ ಪಡೆದ ಹಿರಿಯರು ಇನ್ನೊಂದನ್ನು ಗಮನಿಸಬೇಕು. 2023ರ ಸೆಪ್ಟೆಂಬರ್‌ನಿಂದ ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತಿದ್ದು ಅಲ್ಲಿ ನಡೆಯಬೇಕಾದ ದೂರ ಬಹಳ. ಕುರ್ಚಿ ನೂಕುವವರು ಬೇಗಬೇಗ ದ್ವಾರಕ್ಕೆ ತಲಪಿಸಿ, ಮುಂದಿನ ಪ್ರಯಾಣಿಕರನ್ನು ಕರೆತರಲು ಹೋಗಿಬಿಡುತ್ತಾರೆ. ನಲ್ಲಿ ಹಿಂದೆ ಉಳಿಯುತ್ತದೆ, ಶೌಚಾಲಯವೂ ಹಿಂದೆ ಉಳಿಯುತ್ತದೆ. ತಪಾಸಣೆ ಮುಗಿದ ಕೂಡಲೇ “ಮೊದಲು ಶೌಚಾಲಯ, ಆಮೇಲೆ ನೀರು, ಆಮೇಲೆ ಗೇಟು” ಎಂದು ಕನ್ನಡದಲ್ಲೇ ಹೇಳಿದರಾಯಿತು; ಬೇಸರಿಸುವವರನ್ನು ನಾವು ಕಂಡಿಲ್ಲ.

ಇಳಿದ ಮೇಲೆ ವಲಸೆ ಅಧಿಕಾರಿಗಳ ಸಾಲಿನಲ್ಲಿ ಒಂದು, ಕೆಲವೊಮ್ಮೆ ಎರಡು ಗಂಟೆ ನಿಲ್ಲಬೇಕಾಗುತ್ತದೆ. ಸಾಲಿನೊಳಗೆ ಸೇರಿದ ಮೇಲೆ ಶೌಚಕ್ಕೆ ಹೊರಬರುವುದು ಕಷ್ಟ. ವಿಮಾನದಿಂದ ಹೊರಬಂದ ಓಣಿಯಲ್ಲೇ, ಸಾಲಿಗೆ ಮುಂಚೆ ಶೌಚಾಲಯಗಳಿರುತ್ತವೆ. ಹೊರಗೆ ಮಕ್ಕಳು ಕಾದಿರುತ್ತಾರೆಂಬ ಆತುರದಲ್ಲಿ ಅವನ್ನು ದಾಟಿ ಓಡಬಾರದು. ಅಲ್ಲಿ ಹೋಗಿಬಂದು, ಪಕ್ಕದ ನಲ್ಲಿಯಲ್ಲಿ ಬಾಟಲಿಯನ್ನು ತುಂಬಿಸಿಕೊಂಡು, ನಾಲ್ಕು ಗುಟುಕು ಕುಡಿದು ಸಾಲಿಗೆ ನಿಲ್ಲಬೇಕು.